ನಡೆದರೆ ತೂಕ ಏರುತ್ತದೆಯೇ?

ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿದೆ ಎಂದು ಡಾಕ್ಟರು ಎಚ್ಚರಿಸಿದ ಮೇಲೆ, ಜಿಡಗಾದ ತೊಗರಿ ಹೊಲಗಳ ದಾರಿಯಲ್ಲಿ ದಿನಾ ಬೆಳಿಗ್ಗೆ ಬಿರುಸಾಗಿ ನಡೆಯತೊಡಗಿದೆ. ಹತ್ತು ದಿನ ಬಿಟ್ಟು ತೂಗಿದರೆ ಒಂದು ಕಿಲೋ ಹೆಚ್ಚು!

“ಅವ್ವಾ, ನಡದ್ರ ತೂಕ ಏರ್ತದೇನು?” ಮಗಳು ನಕ್ಕಳು. ನಡಿಗೆಯನ್ನೇ ಬಿಡೋಣ ಅನ್ನಿಸಿತು.

“ಬಿಡಬ್ಯಾಡ್ರಿ, ಅದು ಬೊಜ್ಜಲ್ಲ, ನೀರು” ಎಂದರು ನರ್ಸಕ್ಕ. ಹೊಸ ವ್ಯಾಯಾಮಕ್ಕೆ ನೊಂದ ಸ್ನಾಯುಗಳು ಚೇತರಿಸಿಕೊಳ್ಳುವಾಗ ನೀರು ಹಿಡಿದಿಡುತ್ತವೆ. ಅವು ಕೂಡಿಡುವ ಇಂಧನವಾದ ಗ್ಲೈಕೋಜನ್ ಕೂಡ ಗ್ರಾಮಿಗೆ ಸುಮಾರು 3 ಗ್ರಾಂ ನೀರು ಸೇರಿಸಿಕೊಳ್ಳುತ್ತದೆ. ಕೆಲವು ವಾರಗಳಲ್ಲಿ ಎಲ್ಲ ಹದಕ್ಕೆ ಬರುತ್ತದೆ.

ವಾರಕ್ಕೊಮ್ಮೆ, ಬೆಳಿಗ್ಗೆ ಹಸಿದ ಹೊಟ್ಟೆಯಲ್ಲಿ ತೂಗಿರಿ. ಸೊಂಟದ ಸುತ್ತಳತೆಯನ್ನೂ ಬರೆದಿಡಿ. ಕಾಲು ಬಾತರೆ, ಏದುಸಿರು ಬಂದರೆ ಮಾತ್ರ ತಡಮಾಡದೆ ಡಾಕ್ಟರಿಗೆ ತೋರಿಸಿ.

ಈಗ ನನ್ನ ತೂಕ ಇಳಿಯುತ್ತಿದೆ. ನಕ್ಕಿದ್ದ ಮಗಳು ನನಗಿಂತ ಮುಂದೆ ನಡೆಯುತ್ತಿದ್ದಾಳೆ!