ಮುದಿ ಬಂಡಿಯ ಆಯುಸ್ಸು

2025ರ ಫೆಬ್ರುವರಿ ತಿಂಗಳ ಕೊನೆಯ ದಿನ ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದಲ್ಲಿ 456 ಅಡಿ ಎತ್ತರದ ಉಕ್ಕಿನ ಗೋಪುರವೊಂದನ್ನು ಸಿಡಿಮದ್ದಿಟ್ಟು ನೆಲಕ್ಕುರುಳಿಸಿದರು. ಅದು ಶಿಥಿಲವಾದ ಸೇತುವೆಯಲ್ಲ, ಶತ್ರುವಿನ ಕೋಟೆಯೂ ಅಲ್ಲ. ಜನ ತಾವಾಗಿಯೇ ಹಣ ತೆತ್ತು, ಕುಳಿತು, ಕಿರಿಚಿ ಸಂತೋಷಪಡುತ್ತಿದ್ದ ‘ಕಿಂಗ್ಡಾ ಕಾ’ ಎಂಬ ರೋಲರ್ ಕೋಸ್ಟರ್. 2005ರಲ್ಲಿ ಅದು ಮೊದಲು ಓಡಿದಾಗ ಪ್ರಪಂಚದಲ್ಲಿ ಅದಕ್ಕಿಂತ ಎತ್ತರದ, ಅದಕ್ಕಿಂತ ವೇಗದ ಇನ್ನೊಂದು ಕೋಸ್ಟರ್ ಇರಲಿಲ್ಲ. ಗಂಟೆಗೆ 128 ಮೈಲಿ! ಇಪ್ಪತ್ತು ವರ್ಷ ತುಂಬುವ ಮುನ್ನವೇ ಅದರ ಓಟ ನಿಂತಿತು. ಅಲ್ಲಿಂದ ಬಹುದೂರವೇನೂ ಅಲ್ಲದ ನ್ಯೂಯಾರ್ಕಿನ ಕೋನಿ ಐಲೆಂಡ್ ಕಡಲತೀರದಲ್ಲಿ 1927ರಲ್ಲಿ ಕಟ್ಟಿದ, ಕೇವಲ 85 ಅಡಿ ಎತ್ತರದ ‘ಸೈಕ್ಲೋನ್’ ಮಾತ್ರ ಇನ್ನೂ ಗಡಗಡಿಸುತ್ತಲೇ ಇದೆ.

ಹೊಸ ನೀರು ಬಂದು ಹಳೆಯ ನೀರನ್ನು ಕೊಚ್ಚಿಕೊಂಡು ಹೋಗುವುದು ಲೋಕದ ರೂಢಿ ಎನ್ನುತ್ತಾರೆ. ವಿನೋದದ ಯಂತ್ರಗಳಲ್ಲಿ ಈ ರೂಢಿ ಒಮ್ಮೊಮ್ಮೆ ನಿಜ, ಒಮ್ಮೊಮ್ಮೆ ಪೂರ್ತಿ ಸುಳ್ಳು.

ನಿಜವಾದ ಸಂದರ್ಭವೂ ಕೋನಿ ಐಲೆಂಡಿನದೇ. 1884ರಲ್ಲಿ ಲಾಮಾರ್ಕಸ್ ಥಾಮ್ಸನ್ ಎಂಬಾತ ಅಲ್ಲಿ ‘ಸ್ವಿಚ್‌ಬ್ಯಾಕ್ ರೈಲ್ವೆ’ಯನ್ನು ತೆರೆದ. ಐದು ಸೆಂಟು ಕೊಟ್ಟವರು ಮೆಟ್ಟಿಲೇರಿ ಗೋಪುರದ ತುದಿಗೆ ಹೋಗಿ, ಬೆಂಚಿನಂಥ ಬಂಡಿಯಲ್ಲಿ ಪಕ್ಕಕ್ಕೆ ಮುಖ ಮಾಡಿ ಕೂರಬೇಕು. ಬಂಡಿ ಗಂಟೆಗೆ 6 ಮೈಲಿಯ ವೇಗದಲ್ಲಿ, ಎಂದರೆ ಅವಸರವಿಲ್ಲದ ಜಟಕಾ ಗಾಡಿಯಂತೆ, ಇಳಿದು ಏರಿ ಆಚೆಯ ಗೋಪುರವನ್ನು ಮುಟ್ಟುತ್ತಿತ್ತು. ಅಲ್ಲಿ ಎಲ್ಲರೂ ಇಳಿಯಬೇಕು. ಆಳುಗಳು ಬಂಡಿಯನ್ನು ಮರಳುವ ಹಳಿಗೆ ತಿರುಗಿಸಬೇಕು. ಮತ್ತೆ ಎಲ್ಲರೂ ಹತ್ತಬೇಕು. ಇಷ್ಟಾದರೂ ಜನ ಮುಗಿಬಿದ್ದರು. ಆದರೆ ಅದೇ ವರ್ಷ ಚಾರ್ಲ್ಸ್ ಆಲ್ಕೋಕ್ ಎಂಬುವನು ಹಳಿಯ ಎರಡು ತುದಿಗಳನ್ನು ಬೆಸೆದು, ಬಂಡಿ ಹೊರಟಲ್ಲಿಗೇ ಮರಳುವಂತೆ ಮಾಡಿದ. ಮರುವರ್ಷ ಫಿಲಿಪ್ ಹಿಂಕಲ್ ಯಂತ್ರಬಲದಿಂದ ಬಂಡಿಯನ್ನು ದಿಬ್ಬದ ಮೇಲಕ್ಕೆಳೆಯುವ ಉಪಾಯ ಹೂಡಿದ. ಥಾಮ್ಸನ್ನನ ಬಂಡಿ ಅಲ್ಲಿಗೆ ಹಳತಾಯಿತು. ಅದಕ್ಕಾಗಿ ಕಣ್ಣೀರಿಡುವ ಕಾರಣವೂ ಕಾಣದು. ಹೊಸದಕ್ಕೂ ಹಳೆಯದಕ್ಕೂ ಇದ್ದ ಅಂತರವೆಲ್ಲ ಮೆಟ್ಟಿಲೇರುವ, ಇಳಿದು ಹತ್ತುವ ತೊಂದರೆಯೇ ಆಗಿದ್ದಿತು. ತೊಂದರೆ ತಪ್ಪಿದರೆ ಯಾರು ತಾನೆ ಬೇಡವೆಂದಾರು?

ಪ್ರಯಾಣದ ಸುಖವೇ ಬೇರೆ ಬಗೆಯದಾದಾಗ ಲೆಕ್ಕ ಇಷ್ಟು ಸರಳವಲ್ಲ. ಒಹಾಯೊ ಸಂಸ್ಥಾನದಲ್ಲಿ ಈರೀ ಸರೋವರದ ದಂಡೆಯ ಮೇಲೆ ಸೀಡರ್ ಪಾಯಿಂಟ್ ಎಂಬ ಹಳೆಯ ವಿನೋದೋದ್ಯಾನವಿದೆ. ಅಲ್ಲಿ 1964ರಲ್ಲಿ ಮರದ ‘ಬ್ಲೂ ಸ್ಟ್ರೀಕ್’ ಬಂದಿತು. ಎತ್ತರ 78 ಅಡಿ. 1978ರಲ್ಲಿ 125 ಅಡಿಯ ‘ಜೆಮಿನಿ’. ಅದರಲ್ಲಿ ಎರಡು ಬಂಡಿಗಳು ಅಕ್ಕಪಕ್ಕ ಪೈಪೋಟಿಯಿಂದ ಓಡುತ್ತವೆ. 1989ರಲ್ಲಿ ‘ಮ್ಯಾಗ್ನಮ್’ 205 ಅಡಿ ಏರಿತು. 2000ದಲ್ಲಿ ‘ಮಿಲೆನಿಯಮ್ ಫೋರ್ಸ್’ 310 ಅಡಿ. 2003ರಲ್ಲಿ ‘ಟಾಪ್ ಥ್ರಿಲ್ ಡ್ರ್ಯಾಗ್‌ಸ್ಟರ್’ 420 ಅಡಿ. ಒಂದೊಂದೂ ತನ್ನ ಅಣ್ಣನನ್ನು ಮೂಲೆಗೆ ತಳ್ಳಲೆಂದೇ ಹುಟ್ಟಿದಂತೆ ತೋರುತ್ತದೆ. ಆದರೆ ಮೊದಲು ಕಾಲ್ಕಿತ್ತವನು ಕೊನೆಯ ತಮ್ಮನೇ! 2021ರಲ್ಲಿ ಡ್ರ್ಯಾಗ್‌ಸ್ಟರಿನ ಬಂಡಿಯಿಂದ ಕಳಚಿದ ಲೋಹದ ತುಂಡೊಂದು ಸಾಲಿನಲ್ಲಿ ನಿಂತಿದ್ದ ಹೆಂಗಸಿಗೆ ಬಡಿದು ಘೋರವಾದ ಗಾಯವಾಯಿತು. ಬಂಡಿ ನಿಂತಿತು, ಅದರ ಹಳೆಯ ರೂಪ ಮತ್ತೆ ಓಡಲೇ ಇಲ್ಲ. ಹೊಸ ಹೆಸರಿನಿಂದ, ಇನ್ನೊಂದು ಗೋಪುರವನ್ನೂ ಸೇರಿಸಿಕೊಂಡು 2024ರಲ್ಲಿ ತೆರೆದಾಗಲೂ ಕೆಲವೇ ದಿನಗಳಲ್ಲಿ ಆ ವರ್ಷದ ಮಟ್ಟಿಗೆ ಅದನ್ನು ನಿಲ್ಲಿಸಬೇಕಾಯಿತು. ಬ್ಲೂ ಸ್ಟ್ರೀಕ್, ಜೆಮಿನಿ, ಮ್ಯಾಗ್ನಮ್ ಈ ಗದ್ದಲದ ನಡುವೆ ತಮ್ಮ ಪಾಡಿಗೆ ತಾವು ಓಡುತ್ತಿದ್ದುವು.

ಈ ವೈಚಿತ್ರ್ಯದ ಮೂಲ ಯಂತ್ರದ ಹೊಟ್ಟೆಯಲ್ಲಿಯೇ ಇದೆ. ಹಳೆಯ ಬಂಡಿಯನ್ನು ಸರಪಳಿ ಮೇಲಕ್ಕೆಳೆದು ಬಿಡುತ್ತದೆ. ಉಳಿದುದೆಲ್ಲ ಭೂಮಿಯ ಆಕರ್ಷಣೆಯ ಕೆಲಸ. ಡ್ರ್ಯಾಗ್‌ಸ್ಟರ್, ಕಿಂಗ್ಡಾ ಕಾಗಳಲ್ಲಿ ದ್ರವದ ಒತ್ತಡದಿಂದ ತಿರುಗುವ ಪ್ರಬಲ ರಾಟೆಯೊಂದು ಉಕ್ಕಿನ ಹಗ್ಗದಿಂದ ಬಂಡಿಯನ್ನು ಕವಣೆಯ ಕಲ್ಲಿನಂತೆ ಎಸೆಯಬೇಕು, ಅದೂ ಕೆಲವೇ ಸೆಕೆಂಡುಗಳಲ್ಲಿ. ಇಂಥ ಯಂತ್ರಕ್ಕೆ ಶುಶ್ರೂಷೆ ಬಹಳ, ಮುನಿಸೂ ಬಹಳ. ಇಷ್ಟೆಲ್ಲ ಆಡಂಬರದಿಂದ ದೊರೆಯುತ್ತಿದ್ದ ಕಿಂಗ್ಡಾ ಕಾ ಪ್ರಯಾಣವೋ, ಅರ್ಧ ನಿಮಿಷಕ್ಕಿಂತ ಕಡಿಮೆ. ಸೈಕ್ಲೋನ್ ಸುಮಾರು ಎರಡು ನಿಮಿಷ ಕುಲುಕಾಡಿಸುತ್ತದೆ. ಎತ್ತರವೊಂದನ್ನೇ ನೆಚ್ಚಿ ಬದುಕುವ ಬಂಡಿಯ ಪಾಡು ವಯಸ್ಸೊಂದನ್ನೇ ನೆಚ್ಚಿದ ಚೆಲುವೆಯ ಪಾಡಿನಂತೆ. ನಾಳೆ ಹತ್ತು ಅಡಿ ಹೆಚ್ಚಿನದು ಬಂದರೆ ಹೇಳಿಕೊಳ್ಳಲು ಉಳಿಯುವುದೇನು?

ಹಾಗೆಂದು ಮರದ್ದೆಲ್ಲ ಚಿರಾಯು ಎಂದು ಭ್ರಮಿಸಬಾರದು. ಸೀಡರ್ ಪಾಯಿಂಟಿನಲ್ಲೇ 1991ರಲ್ಲಿ ಕಟ್ಟಿದ ‘ಮೀನ್ ಸ್ಟ್ರೀಕ್’ 161 ಅಡಿಯ ಮರದ ಬಂಡಿ. ಹತ್ತಿದವರ ಎಲುಬು ಸಡಿಲವಾಗುವಷ್ಟು ಒರಟು ಎಂದು ಹೆಸರು ಕೆಡಿಸಿಕೊಂಡು 2016ರಲ್ಲಿ ಮುಚ್ಚಿತು. ಅದರ ಮರದ ಮೈಯನ್ನೇ ಬಳಸಿ, ಮೇಲೆ ಉಕ್ಕಿನ ಹಳಿ ಹಾಸಿ, 2018ರಲ್ಲಿ ‘ಸ್ಟೀಲ್ ವೆಂಜೆನ್ಸ್’ ಎಂಬುದನ್ನು ಮಾಡಿದರು. ಅದು ಇಂದು ಅಲ್ಲಿಯ ಅಚ್ಚುಮೆಚ್ಚು. ತನಗಿಂತ ಇಪ್ಪತ್ತೇಳು ವರ್ಷ ಹಿರಿಯದಾದ ಬ್ಲೂ ಸ್ಟ್ರೀಕಿಗೆ ದಕ್ಕಿದ್ದು ಮೀನ್ ಸ್ಟ್ರೀಕಿಗೆ ದಕ್ಕಲಿಲ್ಲ.

ಹೊಸ ಯಂತ್ರ ಎಷ್ಟು ಜಾಣನಾದರೂ ಕೊಡಲಾರದ್ದೊಂದು ಮೆಲ್ಬೋರ್ನಿನ ಲೂನಾ ಪಾರ್ಕಿನಲ್ಲಿದೆ. 1912ರ ‘ಸೀನಿಕ್ ರೈಲ್ವೆ’ಯ ಬಂಡಿಯ ನಡುವೆ ಒಬ್ಬ ಮನುಷ್ಯ ನಿಂತೇ ಪ್ರಯಾಣ ಮಾಡುತ್ತಾನೆ, ಬ್ರೇಕು ಅವನ ಕೈಯಲ್ಲಿದೆ. ಎಲ್ಲಿ ಬಿಗಿಯಬೇಕು, ಎಲ್ಲಿ ಸಡಿಲ ಬಿಡಬೇಕು ಎಂಬುದನ್ನು ಅವನೇ ಬಲ್ಲ. ಕೋಪನ್‌ಹೇಗನ್ನಿನ ಟಿವೋಲಿ ಉದ್ಯಾನದ 1914ರ ಬಂಡಿಯೂ ಇದೇ ಜಾತಿಯದು. ವೇಗದ ಲೆಕ್ಕದಲ್ಲಿ ಇವೆರಡೂ ಸೋತು ಎಷ್ಟೋ ಕಾಲವಾಯಿತು. ಆದರೆ ತನ್ನ ಮುಂದೆಯೇ ನಿಂತು ಬಂಡಿಯನ್ನು ಪಳಗಿಸುವವನನ್ನು ಕಾಣುವ ಮಗುವಿಗೆ ಆ ಲೆಕ್ಕ ಏತಕ್ಕೆ?

ಇಲ್ಲಿಗೆ ನಿಲ್ಲಿಸಿದರೆ ಒಳ್ಳೆಯದು ತಾನಾಗಿಯೇ ಉಳಿಯುತ್ತದೆಂಬ ಸುಖದ ನಂಬಿಕೆ ಹುಟ್ಟೀತು. ಅದು ಸುಳ್ಳು. ಸೈಕ್ಲೋನಿನ ನೆರೆಯಲ್ಲೇ 1925ರ ‘ಥಂಡರ್‌ಬೋಲ್ಟ್’, 1926ರ ‘ಟೊರ್ನೇಡೊ’ ಎಂಬ ಎರಡು ಹೆಸರುವಾಸಿ ಬಂಡಿಗಳಿದ್ದುವು. ಟೊರ್ನೇಡೊ 1977ರಲ್ಲಿ ಬೆಂಕಿಗೆ ಆಹುತಿಯಾಯಿತು. ಥಂಡರ್‌ಬೋಲ್ಟ್ 1982ರಲ್ಲಿ ನಿಂತು, ಗಿಡಬಳ್ಳಿ ಹಬ್ಬಿಸಿಕೊಂಡು, 2000ದಲ್ಲಿ ನೆಲಸಮವಾಯಿತು. ಅವುಗಳನ್ನು ಸೋಲಿಸಿದ್ದು ಯಾವ ಹೊಸ ಬಂಡಿಯೂ ಅಲ್ಲ. ಸೈಕ್ಲೋನಿಗೂ ಗಂಡಾಂತರ ಬಂದಿತ್ತು. 1970ರ ದಶಕದ ಆರಂಭದಲ್ಲಿ ಪಕ್ಕದ ಮತ್ಸ್ಯಾಲಯದ ವಿಸ್ತಾರಕ್ಕಾಗಿ ಅದನ್ನು ಕೆಡವುವ ಯೋಜನೆ ಹೊರಟಿತು. ಮೀನುಗಳಿಗೆ ಸ್ಥಳ ಬೇಕಿತ್ತು! ಊರಿನವರು ಪಟ್ಟು ಹಿಡಿದರು; ನೆರೆಯ ವಿನೋದೋದ್ಯಾನವೊಂದು ಗುತ್ತಿಗೆ ಹಿಡಿದು, ದುರಸ್ತಿ ಮಾಡಿ, 1975ರಲ್ಲಿ ಮತ್ತೆ ಓಡಿಸಿತು. 1988ರಲ್ಲಿ ನಗರ ಅದನ್ನು ರಕ್ಷಿತ ಸ್ಮಾರಕವೆಂದು ಘೋಷಿಸಿತು. 1991ರಲ್ಲಿ ರಾಷ್ಟ್ರದ ಚಾರಿತ್ರಿಕ ಸ್ಥಳಗಳ ಪಟ್ಟಿಗೂ ಸೇರಿತು.

ಸೈಕ್ಲೋನಿನ ಅಟ್ಟಣೆ ಉಕ್ಕಿನದು, ಹಳಿಯ ಹಾಸು ಮಾತ್ರ ಮರದ್ದು. ಮರ ಸವೆಯುತ್ತದೆ, ಚಳಿಗಾಲದಲ್ಲಿ ಓಟ ನಿಂತಾಗ ಸವೆದ ಹಲಗೆಯನ್ನು ಕಿತ್ತು ಹೊಸದನ್ನು ಕೂರಿಸುತ್ತಾರೆ. ವಸಂತದಲ್ಲಿ ಬಂದು ಸಾಲಿನಲ್ಲಿ ನಿಂತ ಅಜ್ಜ, ತನ್ನ ಬಾಲ್ಯದ ಬಂಡಿ ಇದೇ ಎಂದು ಮೊಮ್ಮಗನಿಗೆ ಹೇಳಿದರೆ ಅದನ್ನು ಅಲ್ಲವೆನ್ನುವವರಿಲ್ಲ. ಅದು ನಿಂತಿರುವ ನೆಲವೂ ಹಿಂದೆ ಥಾಮ್ಸನ್ನನ ಸ್ವಿಚ್‌ಬ್ಯಾಕ್ ರೈಲ್ವೆ ನಿಂತಿದ್ದ ನೆಲವೇ.