ಕಿಟಕಿಗಳ ಪ್ರಶ್ನೆ

ಮುಂಬಯಿಯ ಓವಲ್ ಮೈದಾನದ ಪಶ್ಚಿಮದಲ್ಲಿಯೂ ಮರೀನ್ ಡ್ರೈವಿನ ಕಡಲಂಚಿನಲ್ಲಿಯೂ ೧೯೩೦ ಮತ್ತು ೧೯೪೦ರ ದಶಕಗಳಲ್ಲಿ ಎದ್ದುನಿಂತ ಆರ್ಟ್ ಡೆಕೊ ಶೈಲಿಯ ವಸತಿ ಸೌಧಗಳು ದೇಶದ ಒಂದು ಅಮೂಲ್ಯ ಸಂಪತ್ತೆಂಬುದರಲ್ಲಿ ಸಂಶಯವಿಲ್ಲ. ಸಮುದ್ರವನ್ನು ತುಂಬಿ ಪಡೆದ ನೆಲದ ಮೇಲೆ ಕಾಂಕ್ರೀಟಿನಿಂದ ಕಟ್ಟಿದ ಈ ಮನೆಗಳಲ್ಲಿ ಅನೇಕವನ್ನು ರೂಪಿಸಿದವರು ಭಾರತೀಯ ವಾಸ್ತುಶಿಲ್ಪಿಗಳೇ. ಓವಲ್ ಎದುರಿನ ಎಂಪ್ರೆಸ್ ಕೋರ್ಟ್ ಜಿ. ಬಿ. ಮ್ಹಾತ್ರೆಯವರ ಕೃತಿ. ೨೦೧೮ರಲ್ಲಿ ಯುನೆಸ್ಕೊ ಸಂಸ್ಥೆಯು ಇವುಗಳನ್ನೂ ಮೈದಾನದ ಪೂರ್ವದಲ್ಲಿರುವ ವಿಕ್ಟೋರಿಯನ್ ಗೋಥಿಕ್ ಕಟ್ಟಡಗಳನ್ನೂ ಕೂಡಿಸಿ, ಒಟ್ಟು ೯೪ ಕಟ್ಟಡಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಂತಹ ಸೌಧಗಳಿಗೆ ಹಾನಿಯೊದಗಲು ಅವುಗಳನ್ನು ಕೆಡಹಲೇಬೇಕೆಂದಿಲ್ಲ. ಒಂದು ಬಿಡಾರದವರು ಸಾಗುವಾನಿಯ ಕಿಟಕಿಯನ್ನು ಕಿತ್ತು ಅಲ್ಯೂಮಿನಿಯಮ್ಮಿನ ಸರಿಯುವ ಕಿಟಕಿಯನ್ನಿಡುವರು. ಮೇಲಂತಸ್ತಿನವರು ಪ್ಲಾಸ್ಟಿಕ್ಕಿನ ಬಿಳಿಯ ಚೌಕಟ್ಟನ್ನಿಡುವರು. ಮತ್ತೊಬ್ಬರು ಕಪ್ಪು ಗಾಜನ್ನು ಹಾಕಿಸುವರು. ಅಡ್ಡಗೆರೆಗಳ ಹೊಂದಾಣಿಕೆಯಿಂದಲೇ ಅಂದವನ್ನು ಪಡೆದ ಮುಖವು ಹೀಗೆ ತೇಪೆ ಹಚ್ಚಿದ ಬಟ್ಟೆಯಂತಾಗುವುದು.

ನಿವಾಸಿಗಳ ಕಷ್ಟವನ್ನು ನಾವು ಅಲ್ಲಗಳೆಯುವುದಿಲ್ಲ. ಮುಂಗಾರಿನಲ್ಲಿ ನೀರು ಒಳಕ್ಕೆ ನುಗ್ಗುವುದು; ಉಪ್ಪುಗಾಳಿಗೆ ಉಕ್ಕಿನ ಚೌಕಟ್ಟು ತುಕ್ಕುಹಿಡಿದು ಉಬ್ಬಿ ಗಾಜನ್ನೂ ಗಾರೆಯನ್ನೂ ಸೀಳುವುದು. ಬಾಡಿಗೆಯ ಮನೆಗಳಲ್ಲಂತೂ ತೊಡಕು ಇಮ್ಮಡಿಯಾಗಿದೆ. ೧೯೪೭ರ ಬಾಡಿಗೆ ನಿಯಂತ್ರಣ ಶಾಸನವು ಬಾಡಿಗೆಯನ್ನು ೧೯೪೦ರ ಮಟ್ಟಕ್ಕೆ ಕಟ್ಟಿಹಾಕಿತು. ೧೯೯೯ರ ಶಾಸನವು ವರ್ಷಕ್ಕೆ ನೂರಕ್ಕೆ ೪ರಂತೆ ಏರಿಸಲು ಎಡೆಗೊಟ್ಟರೂ ಹಳೆಯ ಮೊತ್ತವೇ ಅತ್ಯಲ್ಪವಾದುದರಿಂದ ಮಾಲಿಕನಿಗೆ ದುರಸ್ತಿಯ ಉತ್ಸಾಹವೇ ಇಲ್ಲ. ಹೀಗಿರಲು ನೆನೆಯುತ್ತಿರುವ ಕುಟುಂಬಕ್ಕೆ ಸೌಂದರ್ಯದ ಉಪದೇಶವನ್ನಷ್ಟೇ ಮಾಡುವುದು ನ್ಯಾಯವಲ್ಲ.

ಆದಾಗ್ಯೂ ಬದಲಾಯಿಸುವುದೊಂದೇ ಉಪಾಯವೆಂಬ ನಂಬುಗೆ ಸರಿಯಾದುದಲ್ಲ. ಮರದ ಕಿಟಕಿಯಲ್ಲಿ ಸಾಮಾನ್ಯವಾಗಿ ಮೊದಲು ಕೊಳೆಯುವುದು ನೀರು ನಿಲ್ಲುವ ಕೆಳಪಟ್ಟಿ. ನುರಿತ ಬಡಗಿಯು ಆ ಭಾಗವನ್ನಷ್ಟೇ ಕತ್ತರಿಸಿ ಹೊಸ ಸಾಗುವಾನಿಯನ್ನು ಬೆಸೆಯಬಲ್ಲನು. ಸಂದುಗಳಿಗೆ ರಬ್ಬರಿನ ಪಟ್ಟಿಯನ್ನು ಕೂಡಿಸಿದರೆ ಮಳೆಯೂ ಸದ್ದೂ ಬಹುಮಟ್ಟಿಗೆ ತಡೆಯಲ್ಪಡುವುವು. ಹೊರಕ್ಕೆ ತೆರೆಯುವ ಹಳೆಯ ಕದವು ಇಡೀ ಗಾಳಿಯನ್ನು ಒಳಗೆ ಬಿಡುವುದು. ಎರಡು ಕದಗಳ ಸರಿಯುವ ಕಿಟಕಿಯು ಅರ್ಧಭಾಗವನ್ನಷ್ಟೇ ತೆರೆಯುವುದು. ಹುಬ್ಬಿನಂತೆ ಚಾಚಿದ ಸಜ್ಜಾ, ಅದರ ಕೆಳಗಿನ ಕಿಟಕಿ—ಇವೆರಡನ್ನೂ ಕಡಲಗಾಳಿ ಹಾಗೂ ಬಿಸಿಲನ್ನು ಬಲ್ಲವರು ಒಂದಾಗಿ ಯೋಚಿಸಿ ರಚಿಸಿದ್ದಾರೆ. ಅದನ್ನು ಕಿತ್ತೊಗೆದು, ಸೆಕೆಯೆಂದು ಹವಾನಿಯಂತ್ರಣ ಯಂತ್ರವನ್ನು ತಗುಲಿಸುವುದು ಯಾವ ಪ್ರಗತಿ?

ಇನ್ನು, "ನನ್ನ ಮನೆ, ನನ್ನ ಕಿಟಕಿ" ಎಂಬ ವಾದ. ಕಿಟಕಿಯ ಒಳಮೈ ಮನೆಯವನದು. ಹೊರಮೈ ಬೀದಿಯದೂ ಹೌದು. ಪರಂಪರೆಯ ಪಟ್ಟಿಯಲ್ಲಿರುವ ಕಟ್ಟಡಗಳ ಹೊರರೂಪವನ್ನು ಅನುಮತಿಯಿಲ್ಲದೆ ಬದಲಿಸಕೂಡದೆಂಬ ೧೯೯೫ರ ಮುಂಬಯಿ ನಿಯಮಗಳ ತಿರುಳು ಇದೇ. ಆದರೆ ಸಾರ್ವಜನಿಕರಿಗೆ ಆ ಮುಖದಲ್ಲಿ ಹಕ್ಕಿದ್ದರೆ ಅದರ ವೆಚ್ಚದಲ್ಲಿಯೂ ಪಾಲಿರಬೇಕು. ಬೇಡವೆನ್ನುವ ಅಧಿಕಾರವನ್ನು ಮಾತ್ರ ಇಟ್ಟುಕೊಂಡು ಹಣದ ಭಾರವನ್ನು ನಿವಾಸಿಯ ಮೇಲೆ ಹೊರಿಸಿದರೆ ನಿಯಮವು ಕಾಗದದಲ್ಲಿಯೇ ಉಳಿಯುವುದು.

ಆದುದರಿಂದ ನಮ್ಮ ಸೂಚನೆ ಇಷ್ಟು: ಪ್ರತಿಯೊಂದು ಸೌಧಕ್ಕೂ ಕಿಟಕಿಯ ಅಳತೆ, ಪಟ್ಟಿಯ ದಪ್ಪ, ಗಾಜು, ಬಣ್ಣಗಳನ್ನು ಗುರುತಿಸಿದ ಒಂದೇ ನಕ್ಷೆಯನ್ನು ಮಹಾನಗರಪಾಲಿಕೆಯೇ ತಜ್ಞರಿಂದ ಸಿದ್ಧಪಡಿಸಿ ಕೊಡಲಿ. ಅದರಂತೆ ನಡೆಯುವವರಿಗೆ ಒಡನೆ ಅನುಮತಿ ದೊರೆಯಲಿ, ಮನೆತೆರಿಗೆಯಲ್ಲಿ ರಿಯಾಯಿತಿಯೂ ದೊರೆಯಲಿ. ಮೊದಲು ದುರಸ್ತಿ, ಆಗದಿದ್ದಲ್ಲಿ ಮಾತ್ರ ಅದೇ ರೂಪದ ಹೊಸ ಕಿಟಕಿ. ನಿವಾಸಿಗಳ ಸಂಘಗಳೂ ಒಬ್ಬೊಬ್ಬರ ಇಚ್ಛೆಗೆ ಬಿಡದೆ ಇಡೀ ಸೌಧದ ಕೆಲಸವನ್ನು ಒಟ್ಟಿಗೆ ವಹಿಸಿಕೊಂಡರೆ ಖರ್ಚೂ ಇಳಿಯುವುದು, ಬಡಗಿಗಳ ಕುಶಲತೆಯೂ ಉಳಿಯುವುದು. ಸಂಬಂಧಪಟ್ಟವರು ಮುಂದಿನ ಮಳೆಗಾಲಕ್ಕೆ ಮುಂಚೆಯೇ ಈ ಕಾರ್ಯಕ್ಕೆ ಕೈಯಿಕ್ಕುವರೆಂದು ಹಾರೈಸುತ್ತೇವೆ.