ವಿಷವಿಲ್ಲದೆ ವಿಷ ಅಳೆಯುವ ಕಿಟ್ ಬೇಕು

ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ನಮ್ಮ ದಾವಣಗೆರೆ ಸೀಮೆಯ ಮೆಕ್ಕೆಜೋಳದ ತೆನೆಗೆ ಬಿಳಿ, ನಸುಗುಲಾಬಿ ಬೂಸ್ಟು ಹತ್ತುತ್ತದೆ. ಫ್ಯುಸೇರಿಯಂ ಶಿಲೀಂಧ್ರ ಅದು. ಅದು ಹುಟ್ಟಿಸುವ ಫ್ಯುಮೊನಿಸಿನ್ ವಿಷ, ಜೀವಕೋಶದ ಪೊರೆಗೆ ಬೇಕಾದ ಕೊಬ್ಬು ತಯಾರಾಗದಂತೆ ತಡೆಯುತ್ತದೆ. ಸಸಿಯ ಬೇರು ಕುಂಠಿತವಾಗುತ್ತದೆ, ಅಂಥ ಕಾಳು ತಿಂದ ಕುದುರೆಯ ಮೆದುಳು ಕೊಳೆಯುತ್ತದೆ. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಮಳೆಗೆ ನೆಂದ ಜೋಳ, ಮೆಕ್ಕೆಜೋಳ ಉಂಡವರು ಹೊಟ್ಟೆನೋವು, ಭೇದಿಯಿಂದ ನರಳಿದರು. ಆ ಕಾಳಿನಲ್ಲಿ ಸಿಕ್ಕಿದ್ದೂ ಇದೇ ವಿಷ. ರೊಟ್ಟಿ ಬೇಯುವ ಕಾವಿಗೆ ಅದು ಪೂರ್ತಿ ಹೋಗುವುದಿಲ್ಲ.

ಪಶು ಆಹಾರದ ಕಾಳು ಪರೀಕ್ಷಿಸುವುದು ನನ್ನ ಉದ್ಯೋಗ. ಬೂಸ್ಟಿಲ್ಲದೆ ಹೊಳೆಯುವ ಕಾಳಿನಲ್ಲೂ ವಿಷ ಸಿಕ್ಕಿದ್ದನ್ನು ಕಂಡಿದ್ದೇನೆ. ಹಾಗಾಗಿ ಎಪಿಎಂಸಿ ಅಂಗಳದಲ್ಲಿ ಬಣ್ಣ ನೋಡಿ, ತೇವಾಂಶದ ಮೀಟರ್ ಚುಚ್ಚಿ ದರ ಕೂಗುವುದು ಸಾಲದು. ವಿಷ ಪರೀಕ್ಷೆಯ ಕಿಟ್‌ ಅಲ್ಲಿಯೇ ಇರಬೇಕು.

ಆದರೆ ಕಿಟ್ ತಯಾರಿಸಲು ಶುದ್ಧ ವಿಷವೇ ಬೇಕಾಗುತ್ತದೆ. ಅದು ದುಬಾರಿ, ಬಳಸುವವರಿಗೂ ಅಪಾಯ. ಇದಕ್ಕೆ ಉತ್ತರವಿದೆ. ವಿಷವನ್ನು ಕಚ್ಚಿ ಹಿಡಿಯುವ ಪ್ರತಿಕಾಯವೊಂದನ್ನು ಮೊದಲು ಮಾಡಿಕೊಳ್ಳಬೇಕು. ಆಮೇಲೆ ಅದರ ಹಿಡಿತದ ಜಾಗಕ್ಕೇ ಕೂರುವ ಎರಡನೇ ಪ್ರತಿಕಾಯ ಬೆಳೆಸಬೇಕು. ಸಂಕ್ರಾಂತಿಯ ಮರದಚ್ಚಿನೊಳಗೆ ಸಕ್ಕರೆ ಪಾಕ ಗೊಂಬೆಯಾಗುವಂತೆ, ಈ ಎರಡನೆಯದಕ್ಕೆ ವಿಷದ ಆಕಾರ ಬರುತ್ತದೆ, ಮೈಯೆಲ್ಲ ಪ್ರೋಟೀನು. ಪ್ರತಿಕಾಯಗಳು ಹೀಗೆ ಒಂದನ್ನೊಂದು ಗುರುತಿಸುತ್ತವೆಂಬ ಸಿದ್ಧಾಂತವನ್ನು ವಿಜ್ಞಾನಿ ನೀಲ್ಸ್ ಯರ್ನೆ 1974ರಲ್ಲಿ ಮಂಡಿಸಿದ್ದರು. 1990ರ ದಶಕದಲ್ಲೇ ಅಮೆರಿಕದ ವಿಜ್ಞಾನಿಗಳು ಫ್ಯುಮೊನಿಸಿನ್‌ಗೆ ಇಂಥ ನಕಲು ಮಾಡಿ ತೋರಿಸಿದರು. ಪರೀಕ್ಷಾ ತಟ್ಟೆಗೆ ನಕಲನ್ನು ಲೇಪಿಸಿ, ಕಾಳಿನ ರಸದ ಜೊತೆ ಬಣ್ಣ ಬರಿಸುವ ಮೊದಲ ಪ್ರತಿಕಾಯವನ್ನೂ ಹಾಕಿದರೆ, ವಿಷ ಹೆಚ್ಚಿದ್ದಷ್ಟೂ ಬಣ್ಣ ತಿಳಿಯಾಗುತ್ತದೆ.

ಎರಡನೇ ಪ್ರತಿಕಾಯಗಳೆಲ್ಲ ನಿಜವಾದ ನಕಲಲ್ಲ. ವಿಷದ ಜೊತೆ ಪೈಪೋಟಿಗೆ ಬಿಟ್ಟು ಗೆದ್ದದ್ದನ್ನೇ ಆರಿಸಬೇಕು. ಸಸಿಗೆ, ಜೀವಕೋಶಕ್ಕೆ ತೊಂದರೆ ಕೊಡದೆಂದು ಪರೀಕ್ಷಿಸಿ ನೋಡಲೇಬೇಕು. ಇಂಥ ನಕಲಿಗೆ ಒಂಟೆ ಜಾತಿಯ ಪ್ರಾಣಿಗಳಲ್ಲಿ ಸಿಗುವ ಪುಟ್ಟ ಪ್ರತಿಕಾಯಗಳನ್ನು ಬ್ಯಾಕ್ಟೀರಿಯಾದಲ್ಲಿ ಅಗ್ಗವಾಗಿ ಬೆಳೆಸಬಹುದು. ಬಿಕಾನೇರಿನಲ್ಲಿ ರಾಷ್ಟ್ರೀಯ ಒಂಟೆ ಸಂಶೋಧನಾ ಕೇಂದ್ರವಿದೆ. ಧಾರವಾಡ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯಗಳು ಅದರೊಡನೆ ಸೇರಿ ಈ ಕೆಲಸ ಕೈಗೆತ್ತಿಕೊಳ್ಳಲಿ, ಸರ್ಕಾರ ಹಣ ಕೊಡಲಿ.

ಒಂದು ಷರತ್ತು: ಕಿಟ್ ಬರುವಾಗಲೇ ಅಂಗಳಕ್ಕೆ ಕಾಳು ಒಣಗಿಸುವ ಯಂತ್ರವೂ ಬರಬೇಕು. ವಿಷ ಸಿಕ್ಕಿತೆಂದು ಚೀಲ ತಿರಸ್ಕರಿಸಿದರೆ ಆ ನಷ್ಟವನ್ನು ರೈತನೊಬ್ಬನ ತಲೆಗೆ ಕಟ್ಟಬಾರದು. ವಿಮೆಯಲ್ಲಿ ಅದಕ್ಕೆ ಜಾಗವಿರಲಿ.